ವಾಹನಗಳ ಮೇಲಣ ಬರೆಹಗಳು: ಹತ್ತಿಕುಣಿ ಮತ್ತು ಯಾದಗಿರಿ ಸೀಮೆಯ ಕೆಲವು ನಿದರ್ಶನಗಳು

ಶಾಸನವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಕಲ್ಲು. ಅದಲ್ಲವಾದರೆ ತಾಮ್ರದ ಹಲಗೆ. ಬರೆಹವು ಬಹುಕಾಲ ನಿಲ್ಲಬೇಕೆಂದು ಬಯಸಿದವರು ಈ ಎರಡನ್ನೇ ಹೆಚ್ಚಾಗಿ ಆಶ್ರಯಿಸಿದರೆಂಬುದು ನಿಜ. ಆದರೆ ಹತ್ತು ಮಂದಿಯ ಕಣ್ಣಿಗೆ ಬೀಳಲೆಂದು, ತನ್ನ ಖರ್ಚಿನಲ್ಲಿ, ತನಗೆ ಸೇರಿದ ವಸ್ತುವಿನ ಮೇಲೆ ಒಬ್ಬನು ಬರೆಯಿಸಿದ ಬರೆಹವೂ ಶಾಸನದ ವರ್ಗಕ್ಕೆ ಸಲ್ಲುವುದೆಂದು ಒಪ್ಪಿದರೆ, ನಮ್ಮ ಕಾಲದ ಶಾಸನಗಳನ್ನು ದೇವಾಲಯದ ಗೋಡೆಯಲ್ಲಿ ಹುಡುಕಬೇಕಾಗಿಲ್ಲ. ಅವು ರಸ್ತೆಯ ಮೇಲೆ ಓಡುತ್ತಿವೆ. ಲಾರಿ, ಟ್ರ್ಯಾಕ್ಟರ್, ಆಟೋ, ಜೀಪು, ಕಾರು, ಮೋಟಾರ್ ಸೈಕಲ್ಲುಗಳ ಮೇಲೆ ಬಣ್ಣದಿಂದ ಬರೆದ ಅಥವಾ ಕತ್ತರಿಸಿ ಅಂಟಿಸಿದ ದೇವರ ಹೆಸರು, ಮಕ್ಕಳ ಹೆಸರು, ಹರಕೆ, ಹಾಸ್ಯ, ಎಚ್ಚರಿಕೆ, ಭಾವಚಿತ್ರ ಇವುಗಳನ್ನು ನಾವು ದಿನವೂ ಕಾಣುತ್ತೇವೆ, ಮತ್ತು ದಿನವೂ ಕಾಣುವುದರಿಂದಲೇ ಓದುವುದಿಲ್ಲ. ಇವುಗಳನ್ನು ಚರಿತ್ರೆಯ ಸಾಮಗ್ರಿಯೆಂದು ಓದಲು ಬರುವುದೇ, ಬರುವುದಾದರೆ ಅವು ಏನನ್ನು ಹೇಳುತ್ತವೆ ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿಚಾರಕ್ಕೆ ನಾವು ಆರಿಸಿಕೊಂಡಿರುವುದು ಯಾದಗಿರಿ ತಾಲ್ಲೂಕಿನ ಹತ್ತಿಕುಣಿ ಮತ್ತು ಅದರ ಸುತ್ತಣ ಸೀಮೆ. ಹತ್ತಿಕುಣಿಯನ್ನು ಬಲ್ಲವರು ಅದನ್ನು ಅಲ್ಲಿಯ ಜಲಾಶಯದಿಂದ ಬಲ್ಲರು. ಊರಿಗೆ ಬಂದು ಹೋಗುವ ವಾಹನಗಳಲ್ಲಿ ಸರ್ಕಾರದ ಬಸ್ಸನ್ನು ಬಿಟ್ಟರೆ, ಈ ಕಡೆ ಟಂಟಂ ಎಂದು ಕರೆಯುವ ಮೂರು ಚಕ್ರದ ಗಾಡಿಗಳು, ಹತ್ತು ಹನ್ನೆರಡು ಜನರನ್ನು ತುಂಬಿಕೊಳ್ಳುವ ಕ್ರೂಸರ್ ಜೀಪುಗಳು, 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್ ಜಾತಿಯ ಸಣ್ಣ ಸಾಮಾನು ಗಾಡಿಗಳು, ಹತ್ತಿ ತೊಗರಿಗಳನ್ನು ಹೊರುವ ಟ್ರ್ಯಾಕ್ಟರುಗಳು ಮುಖ್ಯವಾದುವು. ಕಾರುಗಳೂ ಈಚಿನ ವರ್ಷಗಳಲ್ಲಿ ಸಾಕಷ್ಟು ಇವೆ. ಹತ್ತಿಕುಣಿಯಲ್ಲಿಯೂ ಯಾದಗಿರಿಯ ರೈಲು ನಿಲ್ದಾಣದ ಎದುರಿನಲ್ಲಿಯೂ ಶಹಾಪುರ ಸುರಪುರಗಳ ದಾರಿಯಲ್ಲಿಯೂ ನಾವು ನಿಂತು ನೋಡಿದುದು, ಈ ಭಾಗದಿಂದ ಬಂದ ನಮ್ಮ ವಿದ್ಯಾರ್ಥಿಗಳು ಬರೆದು ತಂದುದು, ಇವೇ ಇಲ್ಲಿಯ ಸಾಮಗ್ರಿ. ಎಣಿಕೆಯ ಲೆಕ್ಕವನ್ನು ನಾವು ಮಾಡಿಲ್ಲ. ಬರೆಹದ ಬಗೆಗಳನ್ನು ಗುರುತಿಸಿದ್ದೇವೆ, ಅಷ್ಟೆ.

ಈ ಸೀಮೆಯನ್ನೇ ಆರಿಸಲು ಕಾರಣವುಂಟು. 1948ರ ವರೆಗೆ ಇದು ನಿಜಾಮನ ಆಳ್ವಿಕೆಗೆ ಒಳಪಟ್ಟಿದ್ದ ಪ್ರದೇಶ. ಆಡಳಿತದ ಭಾಷೆ ಉರ್ದು. 1956ರಲ್ಲಿ ಇದು ಅಂದಿನ ಮೈಸೂರು ರಾಜ್ಯವನ್ನು ಸೇರಿತು. ಕಚೇರಿಯ ಹಲಗೆಯ ಮೇಲಾಗಲಿ ಶಾಲೆಯ ಗೋಡೆಯ ಮೇಲಾಗಲಿ ಕನ್ನಡವು ಎಲ್ಲರ ಕಣ್ಣಿಗೆ ಕಾಣುವ ಬರೆಹವಾಗಿ ನೆಲೆಗೊಂಡುದು ಇಲ್ಲಿ ತಡವಾಗಿ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡ 51.83, ರಾಜ್ಯದ ಜಿಲ್ಲೆಗಳಲ್ಲೆಲ್ಲ ಅತಿ ಕಡಮೆ. ಅರ್ಧದಷ್ಟು ಜನ ಓದಲಾರದ ಸೀಮೆಯಲ್ಲಿ ಗಾಡಿಯ ಮೈ ತುಂಬ ಅಕ್ಷರಗಳೇಕೆ? ಬರೆಯಿಸಿದವನಿಗೇ ಕೆಲವೊಮ್ಮೆ ಅದು ಓದಲು ಬಾರದು. ಸಾರಿಗೆ ವಾಹನದ ಚಾಲಕನು ಎಂಟನೆಯ ತರಗತಿಯನ್ನು ಮುಗಿಸಿರಬೇಕೆಂಬ ಕೇಂದ್ರದ ನಿಯಮವನ್ನು 2019ರಲ್ಲಿ ತೆಗೆದುಹಾಕಲಾಯಿತೆಂಬುದನ್ನು ಇಲ್ಲಿ ನೆನೆಯಬಹುದು. ಓದಲು ಬಾರದವನು ಹಣ ಕೊಟ್ಟು ಬರೆಯಿಸುತ್ತಾನೆಂದರೆ ಆ ಬರೆಹವು ಬರಿಯ ಸುದ್ದಿಯನ್ನು ತಿಳಿಸಲು ಹುಟ್ಟಿದುದಲ್ಲ. ಹಿಂದಿನ ಕಾಲದ ಕಲ್ಬರೆಹಗಳ ವಿಷಯದಲ್ಲಿಯೂ ಇದೇ ಮಾತನ್ನು ಹೇಳಬೇಕು. ಊರ ಮುಂದಿನ ದಾನಶಾಸನವನ್ನು ಓದಬಲ್ಲವರು ಆ ಊರಿನಲ್ಲಿ ಎಷ್ಟು ಮಂದಿ ಇದ್ದಾರು? ಆದರೂ ಅಲ್ಲಿ ಏನಿದೆಯೆಂಬುದು ಎಲ್ಲರಿಗೂ ಗೊತ್ತಿತ್ತು. ಅದು ಅಲ್ಲಿ ಇರುವುದೇ ಮುಖ್ಯವಾಗಿತ್ತು.

ಹೋಲಿಕೆ ಇಷ್ಟಕ್ಕೇ ನಿಲ್ಲುವುದಿಲ್ಲ. ಮಧ್ಯಕಾಲದ ಕನ್ನಡ ಶಾಸನಕ್ಕೆ ಒಂದು ಕಟ್ಟಡವುಂಟು. ಮೇಲ್ಗಡೆ ಸೂರ್ಯ, ಚಂದ್ರ, ಲಿಂಗ, ಹಸು ಕರುಗಳ ಚಿತ್ರ, ಮೊದಲಿಗೆ ದೇವತಾಸ್ತುತಿ, ಆಮೇಲೆ ರಾಜನ ಹೆಸರು, ದಾನಿಯ ಹೆಸರು ಮತ್ತು ವಂಶ, ದಾನದ ವಿವರ, ಇದನ್ನು ಕೆಡಿಸಿದವನಿಗೆ ಗೋಹತ್ಯೆ ಮಾಡಿದ ಪಾಪ ಬರಲೆಂಬ ಶಾಪ, ಕೊನೆಯಲ್ಲಿ, ಎಷ್ಟೋ ಕಡೆ, ಬರೆದವನ ಮತ್ತು ಕಂಡರಿಸಿದವನ ಹೆಸರು. ಈಗ ಯಾದಗಿರಿ ದಾರಿಯ ಒಂದು ಹಳೆಯ ಸಾಮಾನು ಗಾಡಿಯನ್ನು ನೋಡೋಣ. ಮುಂದಿನ ಗಾಜಿನ ಮೇಲಣ ಪಟ್ಟಿ ದೇವರಿಗೆ ಮೀಸಲು: ಅಬ್ಬೆತುಮಕೂರಿನ ವಿಶ್ವಾರಾಧ್ಯರು, ಮೈಲಾಪುರದ ಮಲ್ಲಯ್ಯ, ಕಲಬುರಗಿಯ ಶರಣಬಸವೇಶ್ವರರು, ತಿಂಥಣಿಯ ಮೌನೇಶ್ವರರು, ಇವರಲ್ಲಿ ಒಬ್ಬರು ‘ಪ್ರಸನ್ನ’ರಾಗಿರುತ್ತಾರೆ. ಮುಸಲ್ಮಾನರ ಗಾಡಿಯಾದರೆ ಅಲ್ಲಿ 786 ಎಂಬ ಸಂಖ್ಯೆ, ಇಲ್ಲವೇ ಬಂದೇ ನವಾಜರ ಹೆಸರು. ಪಕ್ಕದ ಬಾಗಿಲು ಒಡೆಯನದು. ಅವನ ಹೆಸರು, ಊರು, ಫೋನ್ ಸಂಖ್ಯೆ ಅಲ್ಲಿ. ಹಿಂಭಾಗವು ಬಂಧುಬಳಗಕ್ಕೂ ಲೋಕಕ್ಕೂ ಸೇರಿದುದು. ಮಕ್ಕಳ ಹೆಸರು, ಅವ್ವನ ಆಶೀರ್ವಾದ, ಹಿಂದಿನಿಂದ ಬರುವವನಿಗೆ ಬುದ್ಧಿವಾದ. ಶಾಪದ ಜಾಗದಲ್ಲಿ ದೃಷ್ಟಿಯ ಮಾತು: ‘ಹೊಟ್ಟೆಕಿಚ್ಚು ಬೇಡ’ ಎಂಬುದು ಮೃದುವಾದ ರೂಪ, ಕೆಟ್ಟ ಕಣ್ಣಿನವನ ಮುಖ ಕಪ್ಪಾಗಲಿ ಎಂದು ಹಿಂದಿಯಲ್ಲಿ ಎಲ್ಲ ಕಡೆಯೂ ಬರೆಯುವುದು ಉಗ್ರವಾದ ರೂಪ. ಓದಲಾರದವರಿಗಾಗಿ ನಿಂಬೆಹಣ್ಣು ಮೆಣಸಿನಕಾಯಿ, ರಾಕ್ಷಸನ ಮುಖ, ಹಳೆಯ ಚಪ್ಪಲಿ ಇದ್ದೇ ಇವೆ. ಎಲ್ಲಕ್ಕಿಂತ ಕೆಳಗೆ, ಚಕ್ರದ ಸಮೀಪದಲ್ಲಿ, ಸಣ್ಣ ಅಕ್ಷರದಲ್ಲಿ ಪೇಂಟರನ ಹೆಸರು. ರೂವಾರಿಯ ಸ್ಥಾನ ಸಾವಿರ ವರ್ಷಗಳಾದರೂ ಬದಲಾಗಿಲ್ಲ.

ಈ ಸಾಮ್ಯವು ಅನುಕರಣದಿಂದ ಬಂದುದೆಂದು ನಾವು ಹೇಳುವುದಿಲ್ಲ. ಗಾಡಿಯ ಪೇಂಟರನು ಶಾಸನವನ್ನು ಓದಿ ಕಲಿತವನಲ್ಲ. ಬಹಿರಂಗವಾಗಿ ಬರೆಯಿಸಬೇಕಾದಾಗ ಈ ನಾಡಿನ ಮನಸ್ಸು ಯಾವ ಕ್ರಮದಲ್ಲಿ ಮಾತನಾಡುತ್ತದೆಯೋ ಆ ಕ್ರಮವು ಎರಡು ಕಡೆಯಲ್ಲಿಯೂ ಒಂದೇ ಆಗಿದೆ ಎಂದಷ್ಟು ಹೇಳಿದರೆ ಸಾಕು.

ಹಾಗಾದರೆ ಆ ಮಾತು ಯಾವುದು? ವಾಹನದ ಬರೆಹವು ಒಡೆಯನ ಆತ್ಮಪ್ರಶಂಸೆ, ತನ್ನನ್ನು ತೋರಿಸಿಕೊಳ್ಳುವ ಚಪಲ ಎಂಬ ಅಭಿಪ್ರಾಯವು ವಿದ್ಯಾವಂತರಲ್ಲಿ ಸಾಮಾನ್ಯವಾಗಿದೆ. ಪಟ್ಟಣದ ಕೆಲವು ಕಾರುಗಳ ವಿಷಯದಲ್ಲಿ ಅದು ನಿಜವೂ ಆಗಿರಬಹುದು. ಅದನ್ನು ಮುಂದೆ ನೋಡೋಣ. ಆದರೆ ಹತ್ತಿಕುಣಿಯ ಕಡೆಯ ದುಡಿಮೆಯ ಗಾಡಿಗಳನ್ನು ಒಂದೊಂದಾಗಿ ಓದುತ್ತ ಹೋದಾಗ ನಮಗೆ ಕಂಡುದು ಬೇರೆ. ಅಲ್ಲಿ ಬರೆದಿರುವುದರಲ್ಲಿ ಬಹುಪಾಲು ಋಣದ ಒಪ್ಪಿಗೆ. ‘ಕೃಪೆ’, ‘ಆಶೀರ್ವಾದ’, ‘ಕಾಣಿಕೆ’, ‘ಹರಕೆ’, ‘ಪುಣ್ಯ’ ಎಂಬ ಶಬ್ದಗಳನ್ನು ತೆಗೆದುಬಿಟ್ಟರೆ ಆ ಗಾಡಿಗಳ ಮೇಲೆ ಹೆಚ್ಚೇನೂ ಉಳಿಯುವುದಿಲ್ಲ. ಗಾಡಿ ನನ್ನದು ಎಂದು ಹೇಳುವುದಕ್ಕಿಂತ, ಇದು ಯಾರಿಂದ ನನಗೆ ಬಂದಿತು, ಯಾರ ದಯೆಯಿಂದ ಓಡುತ್ತಿದೆ ಎಂದು ಹೇಳುವುದೇ ಅಲ್ಲಿಯ ಬರೆಹದ ಕೆಲಸ.

ಈ ಋಣಗಳಲ್ಲಿ ಒಂದು ಮಾತ್ರ ಕಾನೂನಿನ ಭಾಷೆಯಲ್ಲಿದೆ. ಸಾಲದಿಂದ ಕೊಂಡ ಗಾಡಿಯ ಮೇಲೆ, ಬಾಗಿಲಿನ ಹತ್ತಿರ ಅಥವಾ ಹಿಂದೆ, ‘ಹೈಪಾಥಿಕೇಟೆಡ್ ಟು’ ಎಂದು ಇಂಗ್ಲಿಷಿನಲ್ಲಿ ಬರೆದು ಬ್ಯಾಂಕಿನ ಅಥವಾ ಫೈನಾನ್ಸಿನ ಹೆಸರನ್ನು ಹಾಕಿರುತ್ತಾರೆ. ವಾಹನವು ಆ ಸಂಸ್ಥೆಗೆ ಅಡವಾಗಿದೆಯೆಂದು ಇದರ ಅರ್ಥ. 1988ರ ಮೋಟಾರು ವಾಹನಗಳ ಅಧಿನಿಯಮದ 51ನೆಯ ಕಲಮಿನಂತೆ ಇದು ನೋಂದಣಿ ಪತ್ರದಲ್ಲಿಯೂ ನಮೂದಾಗುತ್ತದೆ. ಸಾಲ ತೀರುವ ವರೆಗೆ ಆ ಸಂಸ್ಥೆಯ ಒಪ್ಪಿಗೆಯಿಲ್ಲದೆ ಗಾಡಿಯನ್ನು ಮಾರಲು ಬರುವುದಿಲ್ಲ. ಒಂದೇ ತಗಡಿನ ಮೇಲೆ ಮೇಲ್ಗಡೆ ಮಲ್ಲಯ್ಯನ ಕೃಪೆ, ನಡುವೆ ಅವ್ವನ ಆಶೀರ್ವಾದ, ಕೆಳಗಡೆ ಫೈನಾನ್ಸಿನ ಹೆಸರು. ಇವುಗಳನ್ನು ಬೇರೆ ಬೇರೆಯಾಗಿ ಓದುವುದು ತಪ್ಪಾದೀತು. ಗಾಡಿಯ ಒಡೆಯನ ಲೆಕ್ಕದಲ್ಲಿ ಮೂರೂ ಒಂದೇ ಖಾತೆಯವು. ಮೂರನೆಯದಕ್ಕೆ ಮಾತ್ರ ತಿಂಗಳ ಕಂತು. ಕಂತುಗಳೆಲ್ಲ ತೀರಿದ ದಿನ ಆ ಸಾಲನ್ನು ಬ್ಲೇಡಿನಿಂದ ಕೆರೆದು ತೆಗೆಯುತ್ತಾರೆ. ಬಿಸಿಲಿಗೆ ಸುತ್ತಲಿನ ಬಣ್ಣ ಮಾಸಿರುವುದರಿಂದ ಅಕ್ಷರಗಳ ನೆರಳು ಮಾತ್ರ ಉಳಿಯುತ್ತದೆ. ಎಷ್ಟೋ ಗಾಡಿಗಳಲ್ಲಿ ಆ ನೆರಳನ್ನು ನಾವು ಓದಿದೆವು. ಅಳಿಸಿ ಬರೆದ ತಾಮ್ರಪಟವನ್ನು ಓದುವವರಿಗೆ ಈ ಕೆಲಸ ಹೊಸದೇನಲ್ಲ.

ಬರೆಯದೆ ಬಿಟ್ಟ ಋಣಗಳೂ ಇವೆ. ಚರಿತ್ರಕಾರನು ಅವುಗಳನ್ನೂ ಗಮನಿಸಬೇಕು. ‘ಅಪ್ಪನ ಕಾಣಿಕೆ’ ಎಂದು ಬರೆದ ಮೋಟಾರ್ ಸೈಕಲ್ಲು ಹೆಜ್ಜೆ ಹೆಜ್ಜೆಗೂ ಸಿಗುತ್ತದೆ. ಮದುವೆಯಲ್ಲಿ ಮಾವನ ಮನೆಯಿಂದ ಬಂದ ಮೋಟಾರ್ ಸೈಕಲ್ಲುಗಳು ಈ ಸೀಮೆಯಲ್ಲಿ ಅಪರೂಪವಲ್ಲ. ಆದರೆ ಮಾವನಿಗೆ ಕೃತಜ್ಞತೆಯನ್ನು ಸೂಚಿಸುವ ಬರೆಹವನ್ನು ನಾವು ಕಾಣಲಿಲ್ಲ. 1961ರ ವರದಕ್ಷಿಣೆ ನಿಷೇಧ ಅಧಿನಿಯಮದ ಅಂಜಿಕೆಯೊಂದೇ ಇದಕ್ಕೆ ಕಾರಣವಲ್ಲವೆಂದು ನಮ್ಮ ಊಹೆ. ಹಕ್ಕೆಂದು ಭಾವಿಸಿ ಪಡೆದುದನ್ನು ಯಾರೂ ಋಣವೆಂದು ಬರೆಯುವುದಿಲ್ಲ. ಹೆಂಗಸರ ಹೆಸರುಗಳ ವಿಷಯವೂ ಹೀಗೆಯೇ. ‘ಅವ್ವ’ ಎಲ್ಲ ಕಡೆಯೂ ಇದ್ದಾಳೆ, ಆದರೆ ಅವಳಿಗೆ ಹೆಸರಿಲ್ಲ. ಹೆಣ್ಣುಮಕ್ಕಳ ಹೆಸರು ಈಚೆಗೆ ಗಂಡುಮಕ್ಕಳ ಹೆಸರಿನ ಪಕ್ಕದಲ್ಲಿ ಕಾಣಿಸಿಕೊಳ್ಳುತ್ತಿರುವುದು ಸಂತೋಷದ ಸಂಗತಿ. ಹೆಂಡತಿಯ ಹೆಸರು ಇಲ್ಲವೆಂದೇ ಹೇಳಬೇಕು. ಗಾಡಿಯ ಮುಂಗಡಕ್ಕೆ ಅವಳ ಒಡವೆ ಅಡವಾಗಿದ್ದರೂ ಇಲ್ಲ.

ದೊಡ್ಡವರಲ್ಲದ ಜನ ತಮ್ಮ ಹೆಸರನ್ನು ಹೀಗೆ ಬಹಿರಂಗದಲ್ಲಿ ಬರೆಯಿಸಿದ ಉದಾಹರಣೆಯು ಈ ಸೀಮೆಗೆ ಬಹು ಪುರಾತನವಾದುದು. ಯಾದಗಿರಿಗೆ ದೂರವಲ್ಲದ ಭೀಮಾ ನದಿಯ ದಡದಲ್ಲಿ, ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ, 1990ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣದವರು ನಡೆಸಿದ ಉತ್ಖನನದಿಂದ ಒಂದು ದೊಡ್ಡ ಬೌದ್ಧಸ್ತೂಪವು ಬೆಳಕಿಗೆ ಬಂದಿತು. ಅಲ್ಲಿಯ ಶಿಲ್ಪಫಲಕವೊಂದರ ಮೇಲೆ ಅಶೋಕನ ಹೆಸರು ಬ್ರಾಹ್ಮೀ ಲಿಪಿಯಲ್ಲಿ ಇರುವುದು ಲೋಕಪ್ರಸಿದ್ಧವಾಗಿದೆ. ಆದರೆ ಅದೇ ಸ್ತೂಪದ ಕಲ್ಲುಗಳ ಮೇಲೆ ಪ್ರಾಕೃತದಲ್ಲಿ ಬರೆದ ಚಿಕ್ಕ ಚಿಕ್ಕ ದಾನಲೇಖಗಳು ಹೇರಳವಾಗಿವೆ. ಇಂತಹ ಊರಿನ ಇಂತಹವನ ದಾನ, ಇಂತಹವನ ಮಗನ ದಾನ ಎಂಬಷ್ಟೇ ಅವುಗಳ ಮಾತು. ದಾನಿಗಳಲ್ಲಿ ಗೃಹಸ್ಥರಿದ್ದಾರೆ, ಭಿಕ್ಷುಗಳಿದ್ದಾರೆ, ಹೆಂಗಸರೂ ಇದ್ದಾರೆ. ವಿದ್ವಾಂಸರು ಅಶೋಕನ ಹೆಸರಿಗೆ ಕೊಟ್ಟ ಗಮನವನ್ನು ಈ ಹೆಸರುಗಳಿಗೂ ಕೊಟ್ಟುದರಿಂದ ಆ ಕಾಲದ ಊರುಗಳು, ಕಸಬುಗಳು, ಸಂಬಂಧಗಳು ನಮಗೆ ತಿಳಿದುಬಂದಿವೆ. ಕನಗನಹಳ್ಳಿಯ ಗೃಹಸ್ಥನ ಹೆಸರು ಚರಿತ್ರೆಗೆ ಸಲ್ಲುವುದಾದರೆ ಹತ್ತಿಕುಣಿಯ ಟಂಟಂ ಒಡೆಯನ ಹೆಸರು ಸಲ್ಲದಿರಲು ಕಾರಣವೇನು?

ಹೊರನಾಡುಗಳಲ್ಲಿ ಇಂತಹ ಬರೆಹಕ್ಕೆ ಆಗಲೇ ಮನ್ನಣೆ ದೊರೆತಿದೆ. ಅರ್ಜೆಂಟೀನಾದ ಪ್ರಸಿದ್ಧ ಲೇಖಕ ಬೋರ್ಹೆಸನು ಬ್ಯೂನಸ್ ಐರಿಸ್ ನಗರದ ಕುದುರೆಗಾಡಿಗಳ ಮೇಲಣ ಬರೆಹಗಳನ್ನು ಕುರಿತು ಒಂದು ಪ್ರಬಂಧವನ್ನೇ ಬರೆದಿದ್ದಾನೆ. ಅದು ಅವನ 1930ರ ಗ್ರಂಥವೊಂದರಲ್ಲಿ ಸೇರಿದೆ. ಆ ಗಾಡಿಗಳ ಬಣ್ಣದ ಕಲೆಯನ್ನು ಯುನೆಸ್ಕೋ ಸಂಸ್ಥೆಯು 2015ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾರಿನ ಹಿಂದೆ ಅಂಟಿಸುವ ಮುದ್ರಿತ ಪಟ್ಟಿ ಮಾತ್ರ ಅಮೆರಿಕದ್ದು: ಎರಡನೆಯ ಮಹಾಯುದ್ಧ ಮುಗಿದ ಹೊಸದರಲ್ಲಿ ಕ್ಯಾನ್ಸಾಸ್ ಸಿಟಿಯ ಮುದ್ರಕ ಫಾರೆಸ್ಟ್ ಗಿಲ್ ಎಂಬಾತನು ಅಂಟುಕಾಗದವನ್ನೂ ಹೊಳೆಯುವ ಶಾಯಿಯನ್ನೂ ಕೂಡಿಸಿ ಅದನ್ನು ಹೊರತಂದನು, ಚುನಾವಣೆಗಳು ಅದನ್ನು ಬೆಳೆಸಿದುವು.

ನಮ್ಮಲ್ಲಿ ಕುಂಚದಿಂದ ಅಂಟುಹಾಳೆಗೆ ಆದ ಬದಲಾವಣೆಯು ಕಳೆದ ಮೂರು ದಶಕಗಳ ಸಂಗತಿ. ಯಾದಗಿರಿಯಲ್ಲಾಗಲಿ ಶಹಾಪುರದಲ್ಲಾಗಲಿ ‘ರೇಡಿಯಂ’ ಅಂಗಡಿ ಎಂದರೆ ಯಾರಾದರೂ ತೋರಿಸುತ್ತಾರೆ. ಕ್ಯೂರಿ ದಂಪತಿಗಳು 1898ರಲ್ಲಿ ಕಂಡುಹಿಡಿದ ಧಾತುವಿಗೂ ಈ ಹಾಳೆಗೂ ಸಂಬಂಧವಿಲ್ಲ. ಹಿಂದೆ ಕತ್ತಲಲ್ಲಿ ಹೊಳೆಯುವ ಗಡಿಯಾರದ ಮುಖಕ್ಕೆ ರೇಡಿಯಮ್ಮಿನ ಬಣ್ಣ ಬಳಿಯುತ್ತಿದ್ದರು, ಆ ಹೆಸರು ಹೊಳೆಯುವ ವಸ್ತುವಿಗೆಲ್ಲ ಅಂಟಿಕೊಂಡಿತು. ಈಗಿನದು ಪ್ಲಾಸ್ಟಿಕ್ಕಿನ ತೆಳುಹಾಳೆ. ರಾತ್ರಿ ಹೊಳೆಯತಕ್ಕ ಬಗೆಯಲ್ಲಿ ಅತಿ ಸಣ್ಣ ಗಾಜಿನ ಮಣಿಗಳು ಹುದುಗಿದ್ದು, ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುತ್ತವೆ. ಮೊದಲು ಕೈಯಿಂದ ಕತ್ತರಿಸುತ್ತಿದ್ದರು. ಅನಂತರ ಕಂಪ್ಯೂಟರಿನ ಆಜ್ಞೆಯಂತೆ ಅಲಗು ಓಡುವ ಯಂತ್ರ ಬಂದಿತು. ಪೇಂಟರನು ಅರ್ಧ ದಿನ ಕುಳಿತು ಬರೆಯುತ್ತಿದ್ದುದನ್ನು ಈ ಯಂತ್ರ ಸ್ವಲ್ಪ ಹೊತ್ತಿನಲ್ಲಿ ಮುಗಿಸುತ್ತದೆ. ಮಹಾನವಮಿಯ ಆಯುಧಪೂಜೆಗೆ ಮುಂಚಿನ ವಾರ ಈ ಅಂಗಡಿಗಳ ಮುಂದೆ ಗಾಡಿಗಳ ಸಾಲು ನಿಲ್ಲುತ್ತದೆ.

ಯಂತ್ರವು ಕೆಲಸವನ್ನು ಅಗ್ಗಮಾಡಿತು. ಜೊತೆಗೆ ಬರೆಹದ ಹುರುಳನ್ನೂ ಬದಲಿಸಿತು. ಕುಂಚದ ಬರೆಹದಲ್ಲಿ ದೇವರಿಗೆ ಊರಿತ್ತು. ಮಲ್ಲಯ್ಯನೆಂದರೆ ಸಾಲದು, ಮೈಲಾಪುರದ ಮಲ್ಲಯ್ಯ. ಹನುಮಂತದೇವರೆಂದರೆ ಸಾಲದು, ಇಂತಹ ಊರಿನ ಹನುಮಂತದೇವರು. ಊರ ಹೆಸರಿದ್ದುದರಿಂದಲೇ ಗಾಡಿಯ ಒಡೆಯನು ಯಾವ ಗುಡಿಗೆ ನಡೆದುಕೊಳ್ಳುವವನು, ಅವನ ಮೂಲ ಯಾವ ಕಡೆಯದು ಎಂಬುದನ್ನು ಓದುಗನು ತಿಳಿಯಬಹುದಾಗಿತ್ತು. ತಿಂಥಣಿಯ ಮೌನೇಶ್ವರರ ಜಯಘೋಷವನ್ನು ಬರೆಯಿಸಿದ ಹಳೆಯ ಲಾರಿಗಳು ಈಗಲೂ ಅಲ್ಲೊಂದು ಇಲ್ಲೊಂದು ಉಂಟು. ಉರ್ದುವಿನ ಎಣಿಕೆಯಿಂದ ಆರಂಭವಾಗಿ, ಪೀರರನ್ನು ಹೆಸರಿಸಿ, ಶಿವನ ನಾಮಗಳಲ್ಲಿ ಮುಗಿಯುವ ಆ ಘೋಷವು ಕೃಷ್ಣಾತೀರದ ಈ ಸೀಮೆಯ ಎರಡು ಧರ್ಮಗಳ ಬಾಳುವೆಯನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತದೆ. ಬೇರೆ ನಾಡಿನ ಮುದ್ರಣಾಲಯದಿಂದ ಬಂದ ಹಾಳೆಯಲ್ಲಿ ಅದು ಸಿಗುವುದಿಲ್ಲ.

ಹಾಳೆಯ ದಾರಿಯನ್ನು ತಿಳಿಯಲು ಒಂದು ಉದಾಹರಣೆ ಸಾಕು. ಅದೂ ಕನ್ನಡ ಬಲ್ಲ ನೆಲದಿಂದಲೇ ಹೊರಟುದು. ಕೇಸರಿ ಕಪ್ಪು ಬಣ್ಣಗಳಲ್ಲಿ ಹುಬ್ಬು ಗಂಟಿಕ್ಕಿದ ಹನುಮಂತನ ಮುಖವನ್ನು ಕಾರುಗಳ ಹಿಂದಿನ ಗಾಜಿನ ಮೇಲೆ ನೋಡದವರಿಲ್ಲ. ಇದನ್ನು 2015ರಲ್ಲಿ ರಚಿಸಿದವರು ಕಾಸರಗೋಡು ಜಿಲ್ಲೆಯ ಕಲಾವಿದ ಕರಣ್ ಆಚಾರ್ಯರು. ಊರಿನ ಗೆಳೆಯರ ಸಂಘವೊಂದು ಹಬ್ಬದ ಬಾವುಟಕ್ಕೆ ಚಿತ್ರವನ್ನು ಕೇಳಿತು, ಅವರು ಬರೆದುಕೊಟ್ಟರು. ಇಷ್ಟೇ ಅದರ ಹುಟ್ಟು. ಎರಡು ವರ್ಷದೊಳಗೆ ಅದು ಬೆಂಗಳೂರಿನ ಕಾರುಗಳನ್ನು ಆವರಿಸಿತು. 2018ರ ವಿಧಾನಸಭಾ ಚುನಾವಣೆಯ ಸಮಯದಲ್ಲಿ ಮಂಗಳೂರಿನ ಸಭೆಯಲ್ಲಿ ಪ್ರಧಾನಮಂತ್ರಿಗಳು ಅದನ್ನು ಹೊಗಳಿದರು. ತಾವು ಬರೆದುದು ಕೋಪದ ಹನುಮಂತನಲ್ಲ, ಗತ್ತಿನ ಹನುಮಂತ ಎಂಬುದು ಕಲಾವಿದರ ಹೇಳಿಕೆ. ಒಬ್ಬರು ಅದನ್ನು ಭಕ್ತಿಯೆಂದರು, ಇನ್ನೊಬ್ಬರು ಬೆದರಿಕೆಯೆಂದರು, ಮತ್ತೊಬ್ಬರು ಬರಿಯ ಅಲಂಕಾರವೆಂದರು. ನಮಗೆ ಮುಖ್ಯವಾಗಿ ತೋರುವುದು ಬೇರೊಂದು ಸಂಗತಿ. ಯಾದಗಿರಿ ಸೀಮೆಯ ಊರೂರಿನಲ್ಲಿಯೂ ಸಿಂಧೂರ ಬಳಿದ ಹನುಮಂತದೇವರ ಗುಡಿ ಇದೆ. ಆ ಊರಿನವನು ತನ್ನ ಗಾಡಿಗೆ ಈ ಹಾಳೆಯನ್ನು ಅಂಟಿಸಿದಾಗ ಅವನ ಹನುಮಂತನಿಗೆ ಊರು ಇಲ್ಲದೆ ಹೋಗುತ್ತದೆ, ‘ಕೃಪೆ’ ಎಂಬ ಶಬ್ದವೂ ಇಲ್ಲದೆ ಹೋಗುತ್ತದೆ. ಋಣದ ಒಪ್ಪಿಗೆಯಾಗಿದ್ದುದು ಪಕ್ಷದ ಗುರುತಾಗುತ್ತದೆ. ನಾನು ಯಾರಿಗೆ ಬಾಧ್ಯನೆಂಬುದನ್ನು ಬಿಟ್ಟು, ನಾನು ಯಾರ ಕಡೆಯವನೆಂಬುದನ್ನು ಅದು ಹೇಳತೊಡಗುತ್ತದೆ.

ಆದರೂ ಅಂಟುಹಾಳೆಯನ್ನು ಕೇವಲ ನಷ್ಟವೆಂದು ಎಣಿಸುವುದು ನ್ಯಾಯವಾಗಲಾರದು. ಅಕ್ಷರವನ್ನು ಚೆನ್ನಾಗಿ ಬರೆಯುವ ಪೇಂಟರುಗಳು ಹಳ್ಳಿಯ ಕಡೆ ಸಿಗುತ್ತಿದ್ದರು; ಮನುಷ್ಯನ ಮುಖವನ್ನು ಹೋಲುವಂತೆ ಬರೆಯುವವರು ವಿರಳ. ಡಾಕ್ಟರ್ ಅಂಬೇಡ್ಕರ್, ಸಂತ ಸೇವಾಲಾಲ್, ಅಂಬಿಗರ ಚೌಡಯ್ಯ, ಮಹರ್ಷಿ ವಾಲ್ಮೀಕಿ, ಸಂಗೊಳ್ಳಿ ರಾಯಣ್ಣ, 1857–58ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಸುರಪುರದ ರಾಜಾ ವೆಂಕಟಪ್ಪ ನಾಯಕ, ಇವರ ಮುಖಗಳು ಈ ಸೀಮೆಯ ರಸ್ತೆಗೆ ಬಂದುದು ಯಂತ್ರದಿಂದ. ತಾಂಡಾದ ಲಂಬಾಣಿಯ ಗಾಡಿಯ ಮೇಲೆ ‘ಜೈ ಸೇವಾಲಾಲ್’, ದಲಿತ ಯುವಕನ ಆಟೋದ ಮೇಲೆ ‘ಜೈ ಭೀಮ್’ ಎಂದು ಇರುವುದು ಹೊಸ ಚರಿತ್ರೆ. ಯಾರ ಹಿರಿಯರ ಹೆಸರನ್ನು ಈ ಸೀಮೆಯ ಯಾವ ಕಲ್ಲಿನ ಮೇಲೂ ಗೌರವದಿಂದ ಕೊರೆದಿರಲಿಲ್ಲವೋ ಅವರು ಬರೆಯಿಸುವ ಮೊದಲ ಶಾಸನ ಇದು. ಇದನ್ನು ಗೋಡೆಯ ಮೇಲೆ ಬರೆದರೆ ಗೋಡೆಯ ಒಡೆಯನು ಅಳಿಸಿಯಾನು. ಗಾಡಿ ತನ್ನದೇ ಆದುದರಿಂದ ಅಳಿಸುವವರಿಲ್ಲ. ಇಲ್ಲಿಯೂ ಋಣದ ಭಾವ ಹೋಗಿಲ್ಲವೆಂಬುದನ್ನು ಗಮನಿಸಬೇಕು. ಅಂಬೇಡ್ಕರರ ಚಿತ್ರದ ಕೆಳಗೆ ‘ಬಾಬಾಸಾಹೇಬರ ಪುಣ್ಯ’ ಎಂಬ ಅರ್ಥದ ಮಾತುಗಳನ್ನು ಬರೆಯಿಸಿದ ಗಾಡಿಗಳುಂಟು.

ಸತ್ತವರ ಸ್ಮರಣೆಯೂ ಹಾಳೆಯಿಂದ ಸುಲಭವಾಯಿತು. ಆಟೋದವರು ಶಂಕರನಾಗರ ಚಿತ್ರವನ್ನು 1980ರ ‘ಆಟೋ ರಾಜ’ ಚಲನಚಿತ್ರದ ನಂಟಿನಿಂದ ಹಾಕಿಸುತ್ತ ಬಂದವರು. ಆ ನಟನು 1990ರಲ್ಲಿ ಕಾಲವಾದ ಮೇಲೆ ಆ ಪದ್ಧತಿ ಇನ್ನೂ ಬೆಳೆಯಿತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರರು ತೀರಿಕೊಂಡ ಅನಂತರ ‘ಅಪ್ಪು’ವಿನ ನಗುಮುಖವು ಹಳ್ಳಿಯ ಗಾಡಿಗಳನ್ನೂ ತಲಪಿತು. ಇವರು ಪ್ರಸಿದ್ಧರು. ಇವರ ಜೊತೆಯಲ್ಲಿ ಪ್ರಸಿದ್ಧರಲ್ಲದವರೂ ಇದ್ದಾರೆ. ಜೀಪಿನ ಹಿಂದಿನ ಗಾಜಿನ ಮೇಲೆ ಇಪ್ಪತ್ತು ಇಪ್ಪತ್ತೆರಡರ ಹುಡುಗನೊಬ್ಬನ ಚಿತ್ರ, ಕೆಳಗೆ ಹುಟ್ಟಿದ ದಿನ, ಸತ್ತ ದಿನ, ‘ಮತ್ತೆ ಹುಟ್ಟಿ ಬಾ’ ಎಂಬ ಮಾತು, ಹಾಕಿಸಿದ ಗೆಳೆಯರ ಹೆಸರುಗಳು. ವಿಚಾರಿಸಿದರೆ ಎಷ್ಟೋ ವೇಳೆ ಉತ್ತರ ಒಂದೇ: ಬೈಕಿನಿಂದ ಬಿದ್ದ, ಲಾರಿ ಬಡಿಯಿತು. ವೀರಗಲ್ಲನ್ನು ನೆಡಿಸುತ್ತಿದ್ದವರೂ ಸತ್ತವನ ಬಂಧುಗಳೇ, ಒಡನಾಡಿಗಳೇ. ಈ ಗಾಜಿನ ಮುಂದೆ ನಿಂತು ಬರೆದುಕೊಳ್ಳುವುದು ನಮಗೆ ಸುಲಭವಾಗಿರಲಿಲ್ಲ.

ಇನ್ನು ಕಾರುಗಳ ಮಾತು. ನವೆಂಬರ್ ತಿಂಗಳಲ್ಲಿ ಮ. ರಾಮಮೂರ್ತಿಯವರು 1960ರ ದಶಕದಲ್ಲಿ ರೂಪಿಸಿದ ಹಳದಿ ಕೆಂಪು ಬಾವುಟದ ಹಾಳೆ, ವರ್ಷವೆಲ್ಲ ಮನೆಯ ಮಕ್ಕಳ ಹೆಸರು, ಮನೆತನದ ಹೆಸರು, ಇವು ನಿರಪಾಯವಾದುವು. ಇವುಗಳ ನಡುವೆ ಬೇರೊಂದು ವರ್ಗವುಂಟು: ‘ಪೊಲೀಸ್’, ‘ಪ್ರೆಸ್’, ‘ವಕೀಲರು’, ‘ಸರ್ಕಾರಿ ಸೇವೆ’, ಇಂತಹ ಸಂಘದ ಅಧ್ಯಕ್ಷರು. ಇಲ್ಲಿ ಋಣದ ಸುಳಿವಿಲ್ಲ. ಅಧಿಕಾರದ ಸೂಚನೆಯಿದೆ, ತಡೆದು ನಿಲ್ಲಿಸುವವನಿಗೆ ಮುನ್ನೆಚ್ಚರಿಕೆಯಿದೆ. 2017ರ ಮೇ 1ರಿಂದ ಗಣ್ಯರ ಕಾರಿನ ಕೆಂಪುದೀಪವನ್ನು ಕೇಂದ್ರ ಸರ್ಕಾರ ತೆಗೆಯಿಸಿತು; ಆ ದೀಪದ ಕೆಲಸದಲ್ಲಿ ಒಂದು ಪಾಲನ್ನು ಈ ಹಾಳೆಗಳು ಮಾಡುತ್ತಿವೆ. ಬಡವನು ತನ್ನ ಗಾಡಿಯ ಮೇಲೆ ತಾನು ಬಾಗಿದವರ ಹೆಸರನ್ನು ಬರೆಯಿಸುತ್ತಾನೆ, ಉಳ್ಳವನು ತನಗೆ ಬಾಗತಕ್ಕವರಿಗಾಗಿ ಬರೆಯಿಸುತ್ತಾನೆ ಎಂದರೆ ಅದು ಪೂರ್ಣ ಸತ್ಯವಲ್ಲದಿದ್ದರೂ ದೂರದ ಮಾತಲ್ಲ.

ಕಾನೂನು ಈ ಕ್ಷೇತ್ರದಲ್ಲಿ ಹೆಚ್ಚು ಮಾತನಾಡಿರುವುದು ನಂಬರಿನ ಫಲಕವನ್ನು ಕುರಿತು. 1989ರ ಕೇಂದ್ರ ಮೋಟಾರು ವಾಹನಗಳ ನಿ﻿ಯಮಗಳು ಅಕ್ಷರದ ಅಳತೆಯನ್ನೂ ಗೊತ್ತುಮಾಡಿವೆ. ಕಾರಿನ ಫಲಕದಲ್ಲಿ ಅಕ್ಷರದ ಎತ್ತರ 65 ಮಿಲಿಮೀಟರು. ಅಕ್ಷರ ರೋಮನ್ನಿನದು. ‘ಕೆಎ 33’ ಎಂದರೆ ಯಾದಗಿರಿ. ವಾಹನದ ಮೇಲೆ ಸರ್ಕಾರವು ತಾನೇ ಬರೆಯಿಸುವ ಶಾಸನ ಇದು; ಉಳಿದ ಮೈಯೆಲ್ಲ ಒಡೆಯನ ಬರೆಹಕ್ಕೆ ತೆರೆದಿದೆ. 2019ರ ಏಪ್ರಿಲಿನಿಂದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ಫಲಕವು ಕಡ್ಡಾಯವಾದ ಮೇಲೆ ಫಲಕದಲ್ಲಿ ದೇವರನ್ನೋ ಮನೆತನವನ್ನೋ ಬರೆಯುವ ಪದ್ಧತಿ ಕುಗ್ಗಿದೆ, ಇದು ಸರಿಯಾದುದೇ. ಅಪಘಾತ ಮಾಡಿ ಓಡಿದವನ ಸಂಖ್ಯೆ ಓದಲು ಬಾರದಂತಿದ್ದರೆ ಅದರ ಕಷ್ಟ ಬಡವನಿಗೇ.

ಉಳಿದ ಮೈಯ ಮೇಲಣ ಬರೆಹದ ಮೇಲೂ ಈಚೆಗೆ ಸರ್ಕಾರಗಳ ಕಣ್ಣು ಬಿದ್ದಿದೆ. ಮಹಾರಾಷ್ಟ್ರವು 2015ರಲ್ಲಿ ಲಾರಿಗಳ ಹಿಂದಿನ ‘ಹಾರ್ನ್ ಓಕೆ ಪ್ಲೀಸ್’ ಎಂಬುದನ್ನು ಶಬ್ದಮಾಲಿನ್ಯದ ಕಾರಣದಿಂದ ನಿಷೇಧಿಸಿತು. ಉತ್ತರಪ್ರದೇಶವು 2020ರಲ್ಲಿ ವಾಹನಗಳ ಮೇಲೆ ಜಾತಿಯ ಹೆಸರನ್ನು ಬರೆಯುವವರ ಮೇಲೆ ಕ್ರಮ ಕೈಗೊಳ್ಳತೊಡಗಿತು. 2025ರ ಸೆಪ್ಟೆಂಬರಿನಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯದ ತೀರ್ಪನ್ನು ಅನುಸರಿಸಿ ಜಾತಿಯ ಹೆಸರು ಘೋಷಣೆಗಳನ್ನು ವಾಹನಗಳಿಂದ ತೆಗೆಯಬೇಕೆಂದು ಆದೇಶ ಹೊರಡಿಸಿತು. ಉದ್ದೇಶವು ಒಳ್ಳೆಯದು. ಜಾತಿಯ ಹೆಸರನ್ನು ಗಾಜಿನ ಮೇಲೆ ದಪ್ಪಕ್ಷರದಲ್ಲಿ ಬರೆಯಿಸಿ ದಾರಿ ಬಿಡಿಸಿಕೊಳ್ಳುವವರನ್ನು ನಾವೂ ಕಂಡಿದ್ದೇವೆ. ಆದರೆ ಜಾತಿಯ ಹೆಮ್ಮೆಗೂ ಜಾತಿಯಿಂದ ಬಿಡುಗಡೆಯ ಕೂಗಿಗೂ ಗೆರೆ ಎಳೆಯುವವರು ಯಾರು? ಕೆರೆದು ತೆಗೆಯುವ ಬ್ಲೇಡು ‘ನಾಯಕ’, ‘ಗೌಡ’ ಎಂಬುವನ್ನು ತೆಗೆಯುವಾಗ ಸೇವಾಲಾಲರ ಬಳಿ, ಚೌಡಯ್ಯನವರ ಬಳಿ ನಿಲ್ಲುವುದೇ? ಅಮೆರಿಕದಲ್ಲಿ ನ್ಯೂ ಹ್ಯಾಂಪ್‌ಷೈರ್ ರಾಜ್ಯವು ಕಾರಿನ ಫಲಕದಲ್ಲಿ ಮುದ್ರಿಸಿದ್ದ ಧ್ಯೇಯವಾಕ್ಯವು ತನ್ನ ಧರ್ಮಕ್ಕೆ ಒಪ್ಪದೆಂದು ಮೇನಾರ್ಡ್ ಎಂಬ ಗೃಹಸ್ಥನು ಅದನ್ನು ಪಟ್ಟಿಯಿಂದ ಮುಚ್ಚಿ ಸೆರೆಮನೆಗೆ ಹೋದನು; 1977ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಅವನ ಪಕ್ಷದಲ್ಲಿ ತೀರ್ಪು ಕೊಟ್ಟಿತು. ಸರ್ಕಾರದ ಮಾತನ್ನು ಹೊರುವಂತೆ ಒಬ್ಬನನ್ನು ಬಲಾತ್ಕರಿಸಬಹುದೇ ಎಂಬುದು ಅಲ್ಲಿಯ ಪ್ರಶ್ನೆ. ಅವನ ಸ್ವಂತ ಮಾತನ್ನು ಎಷ್ಟರ ಮಟ್ಟಿಗೆ ಅಳಿಸಬಹುದು ಎಂಬುದು ನಮ್ಮಲ್ಲಿಯ ಪ್ರಶ್ನೆ. ಆದೇಶ ಹೊರಡಿಸುವ ಮೊದಲು ಅಳಿಸಬೇಕಾದುದನ್ನು ಓದಿ ನೋಡುವುದಾದರೂ ಆಗಬೇಕು.

ಈ ಸಾಮಗ್ರಿಗೆ ಕಾಲಾವಕಾಶ ಕಡಮೆ. ಚಂದ್ರಸೂರ್ಯರು ಇರುವ ವರೆಗೆ ಎಂದು ಕಲ್ಲು ಹೇಳಿತು; ಖಾಸಗಿ ಕಾರಿನ ನೋಂದಣಿಗೆ ಮೊದಲಲ್ಲಿ ಕೊಡುವ ಅವಧಿ ಹದಿನೈದು ವರ್ಷ, ಯಾದಗಿರಿಯ ಬಿಸಿಲಿನಲ್ಲಿ ಅಂಟುಹಾಳೆಯ ಆಯುಷ್ಯ ಅದಕ್ಕಿಂತ ಎಷ್ಟೋ ಕಡಮೆ. ಆದುದರಿಂದ ಈ ಸೀಮೆಯ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ತಮ್ಮ ಊರಿನಲ್ಲಿ ಇದನ್ನು ಬರೆದಿಡಲು ತೊಡಗಬಹುದು. ಬರೆಹವನ್ನು ಕಾಗುಣಿತದ ತಪ್ಪುಗಳೊಡನೆ ಇದ್ದಂತೆಯೇ ಎತ್ತಿಕೊಳ್ಳಬೇಕು, ತಿದ್ದಬಾರದು. ಗಾಡಿಯ ಬಗೆ, ಬರೆಹವಿರುವ ಸ್ಥಾನ, ಕುಂಚದ್ದೋ ಹಾಳೆಯದೋ ಎಂಬುದು, ನೋಡಿದ ಊರು ಮತ್ತು ದಿನಾಂಕ, ಪೇಂಟರನ ಹೆಸರಿದ್ದರೆ ಅದು, ಇಷ್ಟನ್ನು ತಪ್ಪದೆ ಗುರುತಿಸಬೇಕು. ನಂಬರನ್ನೂ ಫೋನ್ ಸಂಖ್ಯೆಯನ್ನೂ ಮಾತ್ರ ಎತ್ತಿಕೊಳ್ಳಕೂಡದು. ಒಡೆಯನನ್ನು ಕೇಳದೆ ಚಿತ್ರ ತೆಗೆಯಕೂಡದು. ಕೇಳಿದರೆ ಬಹುಮಟ್ಟಿಗೆ ಅವನು ಬೇಡವೆನ್ನುವುದಿಲ್ಲ, ಒರೆಸುವ ಬಟ್ಟೆಯನ್ನು ತಂದು ಮೊದಲು ಧೂಳನ್ನು ಒರೆಸುತ್ತಾನೆ.